ಹೆಗಲು ಹಗುರಾಗಬೇಕೇ? ಒಸಡಿನಿಂದ ಶುರು ಮಾಡಿ: ಓದುವವರಿಗೆ, ದುಡಿಯುವವರಿಗೆ 13 ಸೂತ್ರಗಳು

“ಹಲ್ಲು ಕಚ್ಚಿಕೊಂಡು ಓದು, ಇನ್ನು ಮೂರೇ ತಿಂಗಳು.” ಈ ಮಾತು ಕೇಳದೆ ಪಿಯುಸಿ ಮುಗಿಸಿದವರು ನಮ್ಮಲ್ಲಿ ಕಡಿಮೆ. ಅಪ್ಪ ಹೇಳಿರುತ್ತಾರೆ, ಲೆಕ್ಚರರ್ ಹೇಳಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಟೀಮ್ ಲೀಡ್ ಹೇಳುತ್ತಾರೆ: “ಈ ಕ್ವಾರ್ಟರ್ ಒಂದು ಹಲ್ಲು ಕಚ್ಚಿ ಮುಗಿಸಿಬಿಡೋಣ.” ಮನಸ್ಸು ಇದನ್ನು ಬರೀ ಮಾತಾಗಿ ಕೇಳಿಸಿಕೊಳ್ಳುತ್ತದೆ. ದವಡೆ ಮಾತ್ರ ಅಕ್ಷರಶಃ ಪಾಲಿಸುತ್ತದೆ, ಅದೂ ದಿನವಿಡೀ.

ಅದರ ಬೆಲೆ ತೆರುವುದು ಹೆಗಲು. ಸಂಜೆ 4 ಗಂಟೆ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ. ಭುಜದ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗಿರುತ್ತದೆ. ನೀವು ಬಾಮ್ ಹಚ್ಚುತ್ತೀರಿ, ಕತ್ತು ಲಟಕ್ ಅನ್ನಿಸುತ್ತೀರಿ, ಮತ್ತೆ ಅದೇ ಕುರ್ಚಿಗೆ ವಾಪಸ್. ನೋವು ಇರುವ ಜಾಗಕ್ಕೆ ಮಾತ್ರ ಚಿಕಿತ್ಸೆ ಮಾಡುತ್ತಿದ್ದೀರಿ. ಬಿಗಿತ ಶುರುವಾಗುವ ಜಾಗವನ್ನು ಮುಟ್ಟಿಯೇ ಇಲ್ಲ.

ಈ ಸಾಲು ಓದುತ್ತಿರುವಾಗಲೇ ಗಮನಿಸಿ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯೇ? ಭುಜ ಕಿವಿಯ ಕಡೆಗೆ ಏರಿದೆಯೇ? ಎರಡಕ್ಕೂ ಹೌದು ಅಂದರೆ ಈ 13 ಸೂತ್ರಗಳು ನಿಮಗಾಗಿಯೇ. ಖರ್ಚಿಲ್ಲ, ಜಿಮ್ ಬೇಡ. ಬೇಕಾದ್ದು ತೊಳೆದ ಒಂದು ಬೆರಳು ಮತ್ತು ದಿನಕ್ಕೆ ಕೆಲವು ನಿಮಿಷ.

1. ಮೊದಲು ಕನ್ನಡಿ ಮುಂದೆ ನಿಲ್ಲಿ

ಸಮಸ್ಯೆ ಇದೆಯೋ ಇಲ್ಲವೋ ಎಂದು ಊಹಿಸುತ್ತ ಕೂರಬೇಡಿ. ಪರೀಕ್ಷಿಸಿ.

ನಾಲಿಗೆ ಹೊರಗೆ ಚಾಚಿ. ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದಿದೆಯೇ? ಕೋಡುಬಳೆಯ ಮೇಲೆ ಬೆರಳೊತ್ತಿದ ಗುರುತಿನ ಹಾಗೆ ಸಾಲಾಗಿ ಕಾಣುತ್ತದೆ. ಕೆನ್ನೆಯ ಒಳಭಾಗ ಹೊರಳಿಸಿ ನೋಡಿ. ಹಲ್ಲುಗಳು ಕೂಡುವ ಮಟ್ಟದಲ್ಲೇ ಒಂದು ಬಿಳಿ ಗೆರೆ ಎದ್ದು ಕಾಣುತ್ತಿದೆಯೇ? ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ. ಗಂಟಿನಂತೆ ಉಬ್ಬುವುದು ಮ್ಯಾಸೆಟರ್ ಸ್ನಾಯು. ಸಡಿಲ ಬಿಟ್ಟು ಮೆಲ್ಲಗೆ ಒತ್ತಿ. ನೋವಾದರೆ ಅದು ಓವರ್‌ಟೈಮ್ ಮಾಡುತ್ತಿದೆ ಎಂದು ಅರ್ಥ. ಬೆಳಗ್ಗೆ ಏಳುವಾಗಲೇ ಕಣತಲೆ ನೋಯುತ್ತಿದ್ದರೆ ರಾತ್ರಿ ನಿದ್ದೆಯಲ್ಲೂ ಹಲ್ಲು ಕಡಿಯುತ್ತಿರಬಹುದು.

ನನಗೆ ಇದು ಗೊತ್ತಾಗಿದ್ದು ಹಲ್ಲು ಕ್ಲೀನ್ ಮಾಡಿಸಲು ಹೋದಾಗ. ದಂತವೈದ್ಯೆ ಪುಟ್ಟ ಕನ್ನಡಿ ಹಿಡಿದು ನನ್ನ ಕೋರೆಹಲ್ಲು ತೋರಿಸಿದರು. ಮೊನೆ ಇರಬೇಕಾದ ಕಡೆ ಉಜ್ಜಿದ ಗಂಧದ ಕೊರಡಿನಂತೆ ಚಪ್ಪಟೆಯಾಗಿತ್ತು. “ಭುಜ ನೋಯುತ್ತಾ?” ಎಂದು ಕೇಳಿದರು. ಹಲ್ಲು ನೋಡಿ ಭುಜದ ಬಗ್ಗೆ ಕೇಳಿದ್ದಕ್ಕೆ ನಾನು ಬೆಚ್ಚಿದೆ. ಎರಡು ವರ್ಷದಿಂದ ನೋಯುತ್ತಿತ್ತು.

2. ವೈರಿಂಗ್ ಅರ್ಥ ಮಾಡಿಕೊಳ್ಳಿ

ಏಕೆ ಎಂದು ಗೊತ್ತಿಲ್ಲದೆ ಹಿಡಿದ ಅಭ್ಯಾಸ ಮೂರೇ ದಿನ ಬಾಳುತ್ತದೆ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಒಸಡು, ಹಲ್ಲು, ದವಡೆಯ ಸುದ್ದಿಯನ್ನೆಲ್ಲ ಮಿದುಳಿಗೆ ಒಯ್ಯುವುದು ಮುಖ್ಯವಾಗಿ ಒಂದು ನರ. ಅದು ಐದನೇ ಕಪಾಲ ನರ, ಹೆಸರು ಟ್ರೈಜೆಮಿನಲ್. ಇದರ ಸೂಕ್ಷ್ಮತೆ ನಿಮಗೆ ಗೊತ್ತೇ ಇದೆ. ಅನ್ನದಲ್ಲಿ ಒಂದು ಮರಳ ಕಣ ಸಿಕ್ಕರೂ ಹಲ್ಲು ತಟ್ಟನೆ ನಿಲ್ಲುತ್ತದೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ತೆಳುವಾದ ಪದರದಲ್ಲಿ ಒತ್ತಡ ಅಳೆಯುವ ಸೆನ್ಸರ್‌ಗಳು ತುಂಬಿವೆ.

ಈ ನರದ ಕೇಂದ್ರ ಮಿದುಳಿನ ಕಾಂಡದಲ್ಲೇ ಮುಗಿಯುವುದಿಲ್ಲ. ಅದರ ಒಂದು ಭಾಗ ಕೆಳಗಿಳಿದು ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿಯವರೆಗೂ ಚಾಚಿಕೊಂಡಿದೆ. ಕುತ್ತಿಗೆಯ ಮೊದಲ ಮೂರು ನರಗಳ ಸುದ್ದಿಯೂ ಅಲ್ಲಿಗೇ ಬಂದು ಸೇರುತ್ತದೆ. ಬಾಯಿಯ ಲೈನ್, ಕತ್ತಿನ ಲೈನ್ ಎರಡಕ್ಕೂ ಒಂದೇ ಎಕ್ಸ್‌ಚೇಂಜ್.

ಇನ್ನು ಹೆಗಲಿಗೆ ಬನ್ನಿ. ಸಂಜೆ ಹೊತ್ತಿಗೆ ಕಲ್ಲಾಗುವ ಆ ಸ್ನಾಯು ಟ್ರಪೀಜಿಯಸ್. ತಲೆಬುರುಡೆಯ ಹಿಂಭಾಗದಿಂದ ಹೊರಟು ಎರಡೂ ಭುಜಗಳಿಗೆ ಹರಡಿ ಬೆನ್ನಿನ ನಡುವಿನವರೆಗೆ ಇಳಿಯುತ್ತದೆ. ಅದಕ್ಕೆ ಆಜ್ಞೆ ಕೊಡುವುದು ಹನ್ನೊಂದನೇ ಕಪಾಲ ನರ. ಆ ನರದ ಬೇರುಗಳೂ ಹೊರಡುವುದು ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿಯಿಂದಲೇ. ಹಲ್ಲು ಬಲವಾಗಿ ಕಚ್ಚಿದಾಗ ಕುತ್ತಿಗೆ ಮತ್ತು ಭುಜದ ಸ್ನಾಯುಗಳೂ ಜತೆಗೆ ಬಿಗಿಯುತ್ತವೆ. ಬೇಕಾದರೆ ಒಂದು ಕೈಯನ್ನು ಎದುರು ಭುಜದ ಮೇಲಿಟ್ಟು ಹಲ್ಲು ಕಚ್ಚಿ ನೋಡಿ. ಅಂಗೈಗೆ ಗೊತ್ತಾಗುತ್ತದೆ.

ಹಲ್ಲು ಕಚ್ಚುವುದರ ಪರಿಣಾಮ ಕಾಲಿನವರೆಗೂ ಹೋಗುತ್ತದೆ. ಹಂಗೇರಿಯ ವೈದ್ಯ ಎರ್ನೋ ಯೆಂದ್ರಾಸಿಕ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ತೋರಿಸಿಕೊಟ್ಟರು. ಮಂಡಿ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಜಿಗಿಯದಿದ್ದರೆ, ರೋಗಿಗೆ ಎರಡೂ ಕೈಬೆರಳು ಕೊಂಡಿ ಹಾಕಿ ಎಳೆಯಲು, ಹಲ್ಲು ಕಚ್ಚಲು ಹೇಳುತ್ತಾರೆ. ತಕ್ಷಣ ಕಾಲು ಜೋರಾಗಿ ಜಿಗಿಯುತ್ತದೆ. ಇವತ್ತಿಗೂ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ, ಆ ವೈದ್ಯರ ಹೆಸರಿನಲ್ಲೇ. ಹಲ್ಲು ಕಚ್ಚಿದರೆ ಮಂಡಿಯೇ ಎಚ್ಚರವಾಗುತ್ತದೆ ಎಂದಮೇಲೆ ಪಕ್ಕದಲ್ಲೇ ಇರುವ ಭುಜ ಸುಮ್ಮನಿರುತ್ತದೆಯೇ?

ಒಸಡಿನ ಮಸಾಜ್ ಕೆಲಸ ಮಾಡುವುದು ಇದೇ ದಾರಿಯಲ್ಲಿ. ಬಾಯಲ್ಲಿ ಬೆರಳಿದ್ದಾಗ ಹಲ್ಲು ಕಚ್ಚಲು ಆಗುವುದಿಲ್ಲ. ದವಡೆ ತಾನಾಗಿ ಕೆಳಗಿಳಿಯುತ್ತದೆ, ಒತ್ತಡದ ಸುದ್ದಿಯ ಬದಲು ಮೃದು ಸ್ಪರ್ಶದ ಸುದ್ದಿ ಹೋಗುತ್ತದೆ. ಬರೀ ಒಸಡು ಉಜ್ಜಿದರೆ ಸಾಕು, ಭುಜ ವಾಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಸಡು ಬಾಗಿಲು. ಒಳಗೆ ಹೋಗಿ ಬದಲಿಸಬೇಕಾದ್ದು ಹಲ್ಲು ಕಚ್ಚುವ ಅಭ್ಯಾಸವನ್ನು.

3. ಎರಡು ನಿಮಿಷ ಒಸಡು ತೀಡಿ

ರಾತ್ರಿ ಬ್ರಷ್ ಆದಮೇಲೆ ಮಾಡಿ. ಹಗಲಲ್ಲಿ ಒಮ್ಮೆ ಬೇಕೆನಿಸಿದರೆ ಊಟ ಮಾಡಿ ಬಾಯಿ ಮುಕ್ಕಳಿಸಿದ ಮೇಲೆ.

ಕೈ ಸೋಪಿನಲ್ಲಿ ತೊಳೆಯಿರಿ. ಉಗುರು ಕತ್ತರಿಸಿರಲಿ, ಉದ್ದ ಉಗುರು ಒಸಡನ್ನು ಗೀರುತ್ತದೆ. ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು ಎರಡೂ ಪಾದ ನೆಲಕ್ಕೆ ಊರಿ. ತೋರುಬೆರಳ ಮೆತ್ತನೆ ಭಾಗವನ್ನು ಮೇಲಿನ ಸಾಲಿನ ಕೊನೆಯ ದವಡೆಹಲ್ಲಿನ ಹೊರಭಾಗದ ಒಸಡಿನ ಮೇಲಿಡಿ. ಅಲ್ಲಿಂದ ಕಡಲೆಕಾಳಿನಷ್ಟು ಸಣ್ಣ ಸುತ್ತು ಹಾಕುತ್ತ ಮುಂಭಾಗದ ಹಲ್ಲುಗಳವರೆಗೆ ಬನ್ನಿ. ಒಂದು ಹಲ್ಲಿನ ಬುಡಕ್ಕೆ ಮೂರು ಸುತ್ತು ಸಾಕು. ಆಮೇಲೆ ಇನ್ನೊಂದು ಪಕ್ಕ. ಆಮೇಲೆ ಕೆಳಗಿನ ಸಾಲು.

ಎಷ್ಟು ಒತ್ತಬೇಕು? ಕನ್ನಡಿಯಲ್ಲಿ ನೋಡಿ. ಒತ್ತಿದ ಜಾಗ ಒಂದು ಕ್ಷಣ ಬಿಳಿಚಿ, ಬೆರಳು ತೆಗೆದ ಕೂಡಲೇ ಮೊದಲಿನ ಬಣ್ಣಕ್ಕೆ ಮರಳಬೇಕು. ಅಷ್ಟೇ ಅಳತೆ. ಅಮೆರಿಕದ ದಂತವೈದ್ಯ ಪಾಲ್ ಸ್ಟಿಲ್‌ಮನ್ ಬ್ರಷ್ಷಿನ ಎಳೆಗಳಿಂದ ಒಸಡನ್ನು ಹೀಗೇ ಒತ್ತಿ ಬಿಡುವ ವಿಧಾನವನ್ನು ಸುಮಾರು 90 ವರ್ಷದ ಹಿಂದೆಯೇ ಕೊಟ್ಟಿದ್ದರು. ಉದ್ದೇಶ ಒಸಡಿನ ರಕ್ತಸಂಚಾರ ಹೆಚ್ಚಿಸುವುದು.

ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಡಿ. ಒಸಡು ಪಾತ್ರೆಯಲ್ಲ. ತಂಬಾಕು ಬೆರೆಸಿದ ಹಲ್ಲುಪುಡಿಯಂತೂ ಮುಟ್ಟಲೇಬೇಡಿ. ನಮ್ಮ ದೇಶದಲ್ಲಿ ಟೂತ್‌ಪೇಸ್ಟ್, ಹಲ್ಲುಪುಡಿಗೆ ತಂಬಾಕು ಸೇರಿಸುವುದನ್ನು 1992ರಲ್ಲೇ ನಿಷೇಧಿಸಲಾಗಿದೆ. ಬೆರಳು ಒದ್ದೆಯಿದ್ದರೆ ಸಾಕು. ಎಣ್ಣೆ ಇಷ್ಟವಾದರೆ ಒಂದು ಹನಿ ಎಳ್ಳೆಣ್ಣೆ ಹಚ್ಚಿಕೊಳ್ಳಿ. ಬಾಯಲ್ಲಿ ಎಣ್ಣೆ ಹಿಡಿಯುವ ಗಂಡೂಷದಿಂದ ದವಡೆಗೆ, ದನಿಗೆ ಬಲ ಬರುತ್ತದೆ ಎಂದು ಚರಕ ಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ಹೇಳುತ್ತದೆ. ಹಲ್ಲು, ಒಸಡಿನ ಜತೆಗೆ ದವಡೆಯ ಬಲವನ್ನೂ ಸೇರಿಸಿ ಯೋಚಿಸಿದವರು ನಮ್ಮ ಹಿರಿಯರು. ಎಣ್ಣೆ ಬ್ರಷ್ಷಿಗೆ ಬದಲಿಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

4. ಒಸಡಿನಿಂದ ದವಡೆಗೆ, ದವಡೆಯಿಂದ ಹೆಗಲಿಗೆ ಇಳಿಯಿರಿ

ಮಸಾಜ್ ಮುಗಿದ ಕೂಡಲೇ ಫೋನ್ ಎತ್ತಬೇಡಿ. ಇನ್ನೂ ಒಂದು ನಿಮಿಷ ಕೊಡಿ. ಲಾಭ ಇರುವುದು ಈ ನಿಮಿಷದಲ್ಲಿ.

ಎರಡೂ ಕೈಯ ಮೂರು ಮೂರು ಬೆರಳನ್ನು ದವಡೆಯ ಮೂಲೆಯಲ್ಲಿ, ಆ ಗಂಟಿನ ಮೇಲಿಡಿ. ಬಾಯಿ ಅರ್ಧ ತೆರೆದು ಮೇಲಿನಿಂದ ಕೆಳಕ್ಕೆ ಹತ್ತು ಸಲ ನಿಧಾನವಾಗಿ ನೀವಿ. ಈಗ ಎರಡೂ ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಉಸಿರು ಬಿಡುತ್ತ ಒಮ್ಮೆಲೇ ಕೆಳಗೆ ಬಿಡಿ. ಹಲ್ಲು ತಾಗದಿರಲಿ. ಐದು ಸಲ ಮಾಡಿ.

ಬಿಗಿದು ಬಿಟ್ಟಾಗ ಸ್ನಾಯುವಿಗೆ ಸಡಿಲ ಎಂದರೇನು ಎಂಬುದು ಗೊತ್ತಾಗುತ್ತದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಇದೇ ತತ್ವದ ಮೇಲೆ ಒಂದು ಪದ್ಧತಿಯನ್ನೇ ಕಟ್ಟಿ 1929ರಲ್ಲಿ ಪುಸ್ತಕ ತಂದರು. ನಮ್ಮಲ್ಲಿ ಬಹಳ ಜನರಿಗೆ ಭುಜ ಏರಿರುವುದೇ ಗೊತ್ತಿರುವುದಿಲ್ಲ. ಏರಿಸಿ ಇಳಿಸಿದಾಗಲೇ ಅದು ಎಲ್ಲಿತ್ತು ಎಂದು ತಿಳಿಯುವುದು.

5. ತುಟಿ ಮುಚ್ಚಿ, ಹಲ್ಲು ಬಿಡಿಸಿ

ಇದೊಂದೇ ಸೂತ್ರ ನೆನಪಿಟ್ಟರೂ ಅರ್ಧ ಗೆದ್ದಂತೆ.

ಬಾಯಿ ಮುಚ್ಚಿರುವಾಗ ಹಲ್ಲುಗಳೂ ಕೂಡಿರಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ತಪ್ಪು. ವಿಶ್ರಾಂತಿಯಲ್ಲಿರುವ ಬಾಯಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 3 ಮಿಲಿಮೀಟರ್ ಅಂತರ ಇರುತ್ತದೆ. ಅಗಿಯುವಾಗ, ನುಂಗುವಾಗ ಹಲ್ಲುಗಳು ತಾಗುವ ಹೊತ್ತನ್ನೆಲ್ಲ ಕೂಡಿಸಿದರೂ ದಿನಕ್ಕೆ ಸುಮಾರು 20 ನಿಮಿಷ. ನೀವು ಒಂದು ಮಾಕ್ ಟೆಸ್ಟ್‌ನಲ್ಲೇ ಎರಡು ಗಂಟೆ ಕಚ್ಚಿಕೊಂಡು ಕೂತರೆ ಆರು ದಿನದ ಕೋಟಾವನ್ನು ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಿದಂತೆ.

ಸರಿಯಾದ ಸ್ಥಿತಿ ಹುಡುಕುವುದು ಸುಲಭ. ತುಟಿ ಮುಚ್ಚಿ “ಮ್” ಅನ್ನಿ. ಹಲ್ಲು ತಾವಾಗಿ ಬಿಟ್ಟುಕೊಳ್ಳುತ್ತವೆ. ಈಗ “ಲ್” ಅನ್ನಲು ಹೊರಟಂತೆ ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದಿನ ಒಸಡಿಗೆ ಹಗುರವಾಗಿ ತಾಗಿಸಿಡಿ. ಮೂಗಿನಿಂದ ಉಸಿರಾಡಿ. ಇದು ನಿಮ್ಮ ಡಿಫಾಲ್ಟ್ ಸೆಟ್ಟಿಂಗ್. ನಾಲಿಗೆ ಆ ಒಸಡನ್ನು ಮುಟ್ಟಿಕೊಂಡಿರುವಷ್ಟು ಹೊತ್ತು ಹಲ್ಲು ಕಚ್ಚಬೇಕೆಂಬ ಸೆಳೆತ ತಗ್ಗುತ್ತದೆ.

6. ಚೀಟಿ ಅಂಟಿಸಿ

ನೆನಪಿನ ಶಕ್ತಿಯನ್ನು ಸಿಲಬಸ್‌ಗೆ ಇಟ್ಟುಕೊಳ್ಳಿ. ಹಲ್ಲನ್ನು ನೆನಪಿಸಲು ಚೀಟಿ ಇದೆ.

ಟೋಕಿಯೊ ಮೆಡಿಕಲ್ ಅಂಡ್ ಡೆಂಟಲ್ ಯೂನಿವರ್ಸಿಟಿಯ ದವಡೆ ಕೀಲಿನ ತಜ್ಞರು ಈ ಚಾಳಿಗೆ ಒಂದು ಹೆಸರಿಟ್ಟರು: ಟಿಸಿಎಚ್, ಅಂದರೆ ಹಲ್ಲು ತಾಗಿಸಿಕೊಂಡಿರುವ ಅಭ್ಯಾಸ. ಜೋರಾಗಿ ಕಚ್ಚುವುದೇ ಬೇಕಿಲ್ಲ, ಸುಮ್ಮನೆ ತಾಗಿಸಿಟ್ಟುಕೊಂಡರೂ ಸ್ನಾಯು ದಣಿಯುತ್ತದೆ ಎಂಬುದು ಅವರ ಮುಖ್ಯ ಮಾತು. ಬಿಡಿಸಲು ಅವರು ಹೇಳಿದ ಉಪಾಯ ಬಹಳ ಸರಳ. ಮನೆಯಲ್ಲಿ, ಕೆಲಸದ ಜಾಗದಲ್ಲಿ ಚೀಟಿ ಅಂಟಿಸಿ. ಕಣ್ಣಿಗೆ ಬಿದ್ದಾಗ ಹಲ್ಲು ತಾಗಿದೆಯೇ ನೋಡಿ. ತಾಗಿದ್ದರೆ ಭುಜ ಎತ್ತಿ, ಉಸಿರಿನ ಜತೆ ಭುಜವನ್ನೂ ದವಡೆಯನ್ನೂ ಒಟ್ಟಿಗೆ ಬಿಟ್ಟುಬಿಡಿ.

ಲ್ಯಾಪ್‌ಟಾಪ್ ಅಂಚಿಗೆ ಒಂದು, ಫ್ರಿಜ್ ಮೇಲೆ ಒಂದು, ಬಚ್ಚಲ ಕನ್ನಡಿಗೆ ಒಂದು, ಸ್ಕೂಟರ್ ಸ್ಪೀಡೋಮೀಟರ್ ಪಕ್ಕ ಒಂದು. ಟ್ರಾಫಿಕ್‌ನಲ್ಲಿ ನಾವು ಎಷ್ಟು ಹಲ್ಲು ಕಚ್ಚುತ್ತೇವೆ ಎಂಬುದು ಸಿಗ್ನಲ್‌ನಲ್ಲಿ ಆ ಚೀಟಿ ಕಂಡಾಗಲೇ ಗೊತ್ತಾಗುವುದು. ಚೀಟಿಯ ಮೇಲೆ “ಹಲ್ಲು” ಎಂದು ಒಂದೇ ಪದ ಬರೆಯಿರಿ. ಎರಡು ವಾರಕ್ಕೊಮ್ಮೆ ಚೀಟಿಯ ಬಣ್ಣ, ಜಾಗ ಬದಲಿಸಿ. ರೂಢಿಯಾದ ಚೀಟಿ ಗೋಡೆಯ ಬಣ್ಣದಲ್ಲಿ ಸೇರಿಹೋಗುತ್ತದೆ.

7. ನೋವಿಗೆ ಹೆಸರಿಡಿ

“ಏನೋ ಒಂಥರಾ ಇದೆ” ಎನ್ನುವುದನ್ನು ನಿಲ್ಲಿಸಿ. ಹೆಸರಿಲ್ಲದ ತೊಂದರೆಗೆ ಪರಿಹಾರ ಹುಡುಕಲು ಆಗುವುದಿಲ್ಲ.

ಜಪಾನಿನವರನ್ನು ನೋಡಿ. ಕುತ್ತಿಗೆ ಮತ್ತು ಭುಜ ಸೇರುವ ಜಾಗದ ಈ ಬಿಗಿತಕ್ಕೆ ಅವರು “ಕತಕೋರಿ” ಎನ್ನುತ್ತಾರೆ. ಕತ ಅಂದರೆ ಭುಜ, ಕೋರಿ ಅಂದರೆ ಬಿಗಿತ. ಅಲ್ಲಿನ ಲೇಖಕ ನತ್ಸುಮೆ ಸೊಸೆಕಿ 1910ರಲ್ಲಿ ಬರೆದ ‘ಮೋನ್’ ಕಾದಂಬರಿಯಲ್ಲಿ ನಾಯಕಿ ಓಯೊನೆಯ ಭುಜ ಹಾಗೆ ಗಟ್ಟಿಯಾಗಿ ಗಂಡ ಅದನ್ನು ಒತ್ತಿಕೊಡುವ ಪ್ರಸಂಗವಿದೆ. ಕಂಪ್ಯೂಟರ್, ಮೊಬೈಲ್ ಇಲ್ಲದ ಕಾಲ ಅದು! ಅಲ್ಲಿನ ಸರ್ಕಾರ ಜನರ ಆರೋಗ್ಯದ ಸಮೀಕ್ಷೆ ಮಾಡುವಾಗ ಕತಕೋರಿಯನ್ನು ಪ್ರತ್ಯೇಕವಾಗಿ ಎಣಿಸುತ್ತದೆ. 2019ರ ಸಮೀಕ್ಷೆಯಲ್ಲಿ ಹೆಂಗಸರ ದೂರುಗಳಲ್ಲಿ ಅದಕ್ಕೆ ಮೊದಲ ಸ್ಥಾನ, ಗಂಡಸರಲ್ಲಿ ಸೊಂಟನೋವಿನ ನಂತರ ಎರಡನೇ ಸ್ಥಾನ.

ಹೆಸರಿಟ್ಟ ದೇಶದಲ್ಲಿ ಪರಿಹಾರದ ಸಂಸ್ಕೃತಿಯೂ ಬೆಳೆಯುತ್ತದೆ. ಹಲ್ಲಿನ ವಿಷಯದಲ್ಲೂ ಹಾಗೇ. 80ನೇ ವಯಸ್ಸಿನಲ್ಲೂ ಸ್ವಂತ 20 ಹಲ್ಲು ಉಳಿಸಿಕೊಳ್ಳಿ ಎಂಬ 8020 ಅಭಿಯಾನವನ್ನು ಜಪಾನ್ 1989ರಲ್ಲೇ ಶುರು ಮಾಡಿತು. ನಿಮ್ಮ ನೋವಿಗೂ ಹೆಸರು, ಜಾಗ, ಹೊತ್ತು ಬರೆದಿಡಿ. “ಬಲ ಹೆಗಲು, ಊಟದ ನಂತರದ ಕೋಡಿಂಗ್, 4 ಗಂಟೆ.” ಇಷ್ಟು ನಿಖರವಾಗಿರಲಿ.

8. ಪರೀಕ್ಷೆ ಹತ್ತಿರ ಬಂತೆಂದು ಬ್ರಷ್ ಬಿಡಬೇಡಿ

ಇದನ್ನು ಒತ್ತಿ ಹೇಳುತ್ತೇನೆ. ಏಕೆಂದರೆ ಓದುವ ಹುಡುಗ ಹುಡುಗಿಯರು ಮೊದಲು ಕೈಬಿಡುವುದು ರಾತ್ರಿಯ ಬ್ರಷ್ಷನ್ನೇ. ಪುಸ್ತಕದ ಮೇಲೆ ತಲೆಯಿಟ್ಟು ಹಾಗೇ ನಿದ್ದೆ.

1965ರಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಒಸಡು ಚೆನ್ನಾಗಿದ್ದ 12 ಜನ, ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯದ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಯಾಯಿತು. 21 ದಿನ ಎಂದರೆ ನಿಮ್ಮ ಸ್ಟಡಿ ಹಾಲಿಡೇ. ಆ ಮೂರು ವಾರದಲ್ಲಿ ಒಸಡು ಕೆಟ್ಟರೆ ಮಸಾಜ್ ಮಾಡಲೂ ನೋವು, ಅಗಿಯಲೂ ನೋವು. ಆಗ ಒಂದೇ ಪಕ್ಕದಲ್ಲಿ ಅಗಿಯುತ್ತೀರಿ, ದವಡೆ ಓರೆಯಾಗಿ ದುಡಿಯುತ್ತದೆ.

ಬ್ರಷ್ ಮೆತ್ತಗಿರಲಿ. ಎಳೆಗಳನ್ನು ಒಸಡು ಮತ್ತು ಹಲ್ಲು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿಟ್ಟು ಸಣ್ಣಗೆ ಅಲುಗಿಸಿ. ಇದು ನ್ಯೂ ಆರ್ಲಿಯನ್ಸಿನ ವೈದ್ಯ ಚಾರ್ಲ್ಸ್ ಬಾಸ್ ರೂಪಿಸಿದ ವಿಧಾನ. ಜಗತ್ತಿನಾದ್ಯಂತ ದಂತವೈದ್ಯರು ಕಲಿಸುವುದು ಇದನ್ನೇ. ಗೋಡೆಗೆ ಸುಣ್ಣ ಬಳಿಯುವ ಹಾಗೆ ಅಡ್ಡಡ್ಡ ಎಳೆಯಬೇಡಿ, ಒಸಡು ಸವೆದು ಮೇಲೇರುತ್ತದೆ.

ಉಜ್ಜುವಾಗ ರಕ್ತ ಬಂದರೆ ಹೆದರಿ ನಿಲ್ಲಿಸಬೇಡಿ. ಆರೋಗ್ಯವಾದ ಒಸಡಿನಲ್ಲಿ ರಕ್ತ ಬರುವುದಿಲ್ಲ. ಬಂದರೆ ಅಲ್ಲಿ ಕೊಳೆ ಕೂತಿದೆ ಎಂದು ಅರ್ಥ. ಇನ್ನಷ್ಟು ಮೃದುವಾಗಿ, ಇನ್ನಷ್ಟು ಗಮನವಿಟ್ಟು ಉಜ್ಜಿ. ಬೆರಳ ಮಸಾಜನ್ನು ಮಾತ್ರ ರಕ್ತ ನಿಲ್ಲುವವರೆಗೆ ಮುಂದೂಡಿ.

9. ತಲೆಯ ಭಾರ ಇಳಿಸಿ

ನಿಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಕುತ್ತಿಗೆಗೆ ಅಷ್ಟೇ. ಬಾಗಿಸಿದರೆ ಲೆಕ್ಕ ಬದಲಾಗುತ್ತದೆ. ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ 60 ಡಿಗ್ರಿ ಬಾಗಿದ ತಲೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಹಾಕುತ್ತದೆ. ಮೊಬೈಲ್ ತೊಡೆಯ ಮೇಲಿಟ್ಟು ನೋಡುವ ಭಂಗಿ ಅದೇ.

ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ, ಬೇರೆ ಕೀಬೋರ್ಡ್ ಬಳಸಿ. ಓದುವ ಪುಸ್ತಕವನ್ನು ವ್ಯಾಸಪೀಠದ ಮೇಲಿಡಿ. ಅಜ್ಜ ಪಾರಾಯಣಕ್ಕೆ ಬಳಸುತ್ತಿದ್ದ ಮರದ ಮಡಚು ಪೀಠ ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ. ಗಲ್ಲ ಮುಂದೆ ಚಾಚಿದಾಗ ದವಡೆಯ ಸ್ನಾಯುಗಳೂ ಎಳೆದುಕೊಳ್ಳುತ್ತವೆ. ಗಲ್ಲ ಒಳಗಿದ್ದರೆ ಹಲ್ಲು ಬಿಡಿಸಿಡುವುದು ಸುಲಭ.

10. ಬಾಯಿಗೆ ಹೆಚ್ಚುವರಿ ಡ್ಯೂಟಿ ಹಾಕಬೇಡಿ

ಪೆನ್ನಿನ ತುದಿ ಕಚ್ಚುವುದು, ಉಗುರು ಕಡಿಯುವುದು, ಗಂಟೆಗಟ್ಟಲೆ ಚ್ಯೂಯಿಂಗ್ ಗಮ್ ಅಗಿಯುವುದು, ಎಲ್ಲ ಇವತ್ತೇ ನಿಲ್ಲಿಸಿ. ದಣಿದ ಸ್ನಾಯುವಿಗೆ ಬೇಕಾದ್ದು ರಜೆ. ಅಡಿಕೆ, ಗುಟ್ಕಾ ಇದ್ದರೆ ಬಿಡಲೇಬೇಕು. ಅಡಿಕೆ ಅಗಿಯುವವರಲ್ಲಿ ಬಾಯೊಳಗಿನ ಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬರುತ್ತದೆ, ಅದು ಕ್ಯಾನ್ಸರಿಗೆ ದಾರಿ ಮಾಡಬಲ್ಲದು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಹಿಡಿಸಿ ನೋಡಿ. ಹಿಡಿಯದಿದ್ದರೆ ಈ ವಾರವೇ ದಂತವೈದ್ಯರ ಬಳಿ ಹೋಗಿ.

11. ಅನುಮಾನವನ್ನು ಅಳತೆಯಿಂದ ಗೆಲ್ಲಿ

“ಒಸಡು ಒತ್ತಿದರೆ ಭುಜಕ್ಕೇನಾಗುತ್ತೆ?” ಈ ಪ್ರಶ್ನೆ ಬರುತ್ತದೆ. ಬರಲಿ. ಅದಕ್ಕೆ ವಾದದಿಂದ ಉತ್ತರ ಕೊಡಬೇಡಿ, ಸಂಖ್ಯೆಯಿಂದ ಕೊಡಿ. ಮಾಡದೆಯೇ ಅನುಮಾನಿಸುವುದು ಒಂದು ಅಭ್ಯಾಸ. ಮಾಡಿ ನೋಡಿ ಬರೆದಿಡುವುದು ಇನ್ನೊಂದು ಅಭ್ಯಾಸ. ಎರಡನೆಯದನ್ನು ಬೆಳೆಸಿಕೊಳ್ಳಿ.

ಮೊದಲ ಮೂರು ದಿನ ಏನೂ ಬದಲಿಸಬೇಡಿ. ಸಂಜೆ 4ಕ್ಕೆ ಬಿಗಿತಕ್ಕೆ 0ರಿಂದ 10ರೊಳಗೆ ಒಂದು ಅಂಕ ಕೊಟ್ಟು ಡೈರಿಯಲ್ಲಿ ಬರೆಯಿರಿ. ಒಂದೇ ಕುರ್ಚಿಯಲ್ಲಿ ಕೂತು, ಸೊಂಟ ತಿರುಗಿಸದೆ, ಬಲಕ್ಕೂ ಎಡಕ್ಕೂ ಕತ್ತು ಹೊರಳಿಸಿ. ಹಿಂದಿನ ಗೋಡೆಯಲ್ಲಿ ಎಲ್ಲಿಯವರೆಗೆ ಕಾಣುತ್ತದೆ? ನನಗೆ ಮೊದಲ ದಿನ ಬಲಗಡೆ ಕ್ಯಾಲೆಂಡರಿನ ಅಂಚು ಮಾತ್ರ ಕಾಣುತ್ತಿತ್ತು. ನಾಲ್ಕನೇ ದಿನದಿಂದ 3, 4, 5, 6ನೇ ಸೂತ್ರಗಳನ್ನು ಶುರು ಮಾಡಿ. 14 ದಿನ ಒಂದೂ ತಪ್ಪಿಸಬೇಡಿ. ಅದೇ ಕುರ್ಚಿ, ಅದೇ ಹೊತ್ತು, ಅದೇ ಗೋಡೆ. ಹನ್ನೆರಡನೇ ದಿನ ನನಗೆ ಕ್ಯಾಲೆಂಡರಿನ ತಾರೀಕುಗಳು ಕಂಡವು.

ನಿಮ್ಮ ಅಂಕ ಇಳಿದರೆ ಮುಂದುವರಿಸಿ. 14 ದಿನದಲ್ಲಿ ಒಂದು ಅಂಕವೂ ಕದಲದಿದ್ದರೆ ನಿಮ್ಮ ಬಿಗಿತದ ಮೂಲ ಬೇರೆಡೆ ಇರಬಹುದು. ಆ ಡೈರಿ ಹಿಡಿದು ಫಿಸಿಯೋಥೆರಪಿಸ್ಟ್ ಬಳಿ ಹೋಗಿ. 17 ದಿನದ ದಾಖಲೆ ಕೈಯಲ್ಲಿದ್ದರೆ ಅವರ ಕೆಲಸವೂ ಬೇಗ ಆಗುತ್ತದೆ.

12. ಯಾವಾಗ ನಿಲ್ಲಿಸಬೇಕೆಂದು ತಿಳಿದಿರಿ

ಧೈರ್ಯ ಬೇರೆ, ನಿರ್ಲಕ್ಷ್ಯ ಬೇರೆ. ಈ ಪಟ್ಟಿ ಮನೆಯವರಿಗೂ ಓದಿ ಹೇಳಿ.

ಎದೆ ಹಿಂಡಿದಂತಾಗಿ, ಭುಜ, ತೋಳು ಅಥವಾ ದವಡೆಗೆ ನೋವು ಹರಡಿ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಬಿಗಿತ ಅಲ್ಲ, ಹೃದಯಾಘಾತ ಇರಬಹುದು. ಮಸಾಜ್ ಮಾಡುತ್ತ ಕೂರಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ತೋಳು ಜೋಮು ಹಿಡಿದು ಕೈಯಲ್ಲಿ ಬಲ ಕಡಿಮೆಯಾದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಜ್ವರದ ಜತೆ ಕತ್ತು ಸೆಟೆದುಕೊಂಡರೆ ತಡಮಾಡದೆ ವೈದ್ಯರನ್ನು ನೋಡಿ. ಕೈಯನ್ನು ತಲೆಗಿಂತ ಮೇಲೆ ಎತ್ತಲು ಆಗದಿದ್ದರೆ ಫ್ರೋಜನ್ ಶೋಲ್ಡರ್ ಇರಬಹುದು, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹೆಚ್ಚು.

ಬಾಯಿಯ ಕಡೆ: ಒಸಡಿನಲ್ಲಿ ಕೀವು, ಅಲುಗಾಡುವ ಹಲ್ಲು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಮಸಾಜ್ ಬೇಡ, ದಂತವೈದ್ಯರು ಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ರಾತ್ರಿ ಹಲ್ಲು ಕಡಿಯುವ ಸದ್ದು ಪಕ್ಕದವರಿಗೆ ಕೇಳಿಸುತ್ತಿದ್ದರೆ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ ಬಗ್ಗೆ ಕೇಳಿ.

13. ಪರೀಕ್ಷಾ ಹಾಲ್‌ಗೆ ಇದನ್ನು ತೆಗೆದುಕೊಂಡು ಹೋಗಿ

ಇಷ್ಟು ದಿನದ ಅಭ್ಯಾಸ ಕೈಹಿಡಿಯಬೇಕಾದ್ದು ಇಲ್ಲಿ. ಸಿಇಟಿ ಇರಲಿ, ಕೆಪಿಎಸ್‌ಸಿ ಇರಲಿ, ಇಂಟರ್‌ವ್ಯೂ ಇರಲಿ, ಕಾಯುವ ಆ ಹತ್ತು ನಿಮಿಷದಲ್ಲೇ ಭುಜ ಅರ್ಧ ಬಿಗಿದುಹೋಗಿರುತ್ತದೆ. ಸುತ್ತ ನೋಡಿ, ಎಲ್ಲರ ದವಡೆಯ ಮೂಲೆಯಲ್ಲೂ ಆ ಗಂಟು ಕಾಣುತ್ತದೆ. ಮೂರು ಗಂಟೆ ಬರೆಯುವ ಕೈಗೆ ಆಧಾರ ಕೊಡುವುದು ಹೆಗಲು. ಅದು ಮೊದಲೇ ದಣಿದರೆ ಕೊನೆಯ ಪುಟದಲ್ಲಿ ಅಕ್ಷರ ಕೆಡುತ್ತದೆ.

ಬೆಳಗ್ಗೆ ಮನೆ ಬಿಡುವ ಮುಂಚೆ ಎರಡು ನಿಮಿಷ ಒಸಡು ತೀಡಿ. ಹಾಲ್‌ನಲ್ಲಿ ಕೂತ ಮೇಲೆ ಬಾಯಿಗೆ ಬೆರಳು ಬೇಡ, ನಾಲಿಗೆ ಸಾಕು. ತುದಿಯನ್ನು ಮೇಲಿನ ಒಸಡಿಗೆ ತಾಗಿಸಿ. ಭುಜ ಒಮ್ಮೆ ಎತ್ತಿ, ಉಸಿರಿನ ಜತೆ ಬಿಡಿ. ಹಾಲ್ ಟಿಕೆಟ್ಟಿನ ಮೂಲೆಯಲ್ಲಿ ಏನೂ ಬರೆಯಬಾರದು, ಹಾಗಾಗಿ ಚೀಟಿಯ ಕೆಲಸವನ್ನು ನಿಮ್ಮ ವಾಚಿಗೆ ಕೊಡಿ, ಅದಕ್ಕೂ ಅನುಮತಿ ಇಲ್ಲದಿದ್ದರೆ ಗೋಡೆಯ ಗಡಿಯಾರಕ್ಕೆ. ಸಮಯ ನೋಡಿದಾಗಲೆಲ್ಲ ಹಲ್ಲು ನೋಡಿಕೊಳ್ಳಿ. ಬೆಲ್ ಹೊಡೆಯುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಮೊದಲ ಪ್ರಶ್ನೆ ಓದಿ.